ಹೊಲದಲ್ಲಿ ಸಿಕ್ಕ ಕಲ್ಲಿಗೂ ಒಂದು ದಾಖಲೆ ಇರಲಿ

ಮಾನ್ಯ ಸಂಪಾದಕರೆ,

ಮನೆಯ ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕಿತು, ಕೆರೆಯ ಹೂಳೆತ್ತುವಾಗ ವಿಗ್ರಹ ಕಾಣಿಸಿಕೊಂಡಿತು, ಉಳುವಾಗ ಅಕ್ಷರವಿರುವ ಕಲ್ಲು ನೇಗಿಲಿಗೆ ತಗುಲಿತು ಎಂಬ ಸುದ್ದಿಗಳು ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಿರುತ್ತವೆ. ಅವನ್ನು ಓದುವಾಗಲೆಲ್ಲ ನಾನು ಹುಡುಕುವ ವಿವರ ಒಂದೇ: ಆ ವಸ್ತು ಯಾವ ಜಾಗದಲ್ಲಿ, ಎಷ್ಟು ಆಳದಲ್ಲಿ, ಯಾವುದರ ಜೊತೆಯಲ್ಲಿ ಸಿಕ್ಕಿತು ಎಂಬುದು. ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ತೂಕ, ಅಂದಾಜು ಬೆಲೆ, ನೋಡಲು ನೆರೆದ ಜನ ಮತ್ತು ಅಧಿಕಾರಿಗಳು ವಶಕ್ಕೆ ಪಡೆದ ಸಂಗತಿ. ಇದು ವರದಿಗಾರರ ಮೇಲಿನ ದೂರಲ್ಲ. ಅವರು ಕೇಳಬೇಕೆಂದರೂ ಉತ್ತರ ಬರೆದಿಟ್ಟುಕೊಂಡವರು ಸ್ಥಳದಲ್ಲಿ ಯಾರೂ ಇರುವುದಿಲ್ಲ. ಸಾರ್ವಜನಿಕರಿಗೆ ಸಿಕ್ಕ ಪುರಾತನ ವಸ್ತು ಯಾರದಾಗಬೇಕು ಎಂದು ನಿರ್ಧರಿಸಲು ನಮ್ಮಲ್ಲಿ ಕಾಯ್ದೆಯಿದೆ. ಏನು ಸಿಕ್ಕಿತು, ಎಲ್ಲಿ ಸಿಕ್ಕಿತು ಎಂದು ಬರೆದಿಡಲು ಊರಿನ ಮಟ್ಟದಲ್ಲಿ ಒಂದು ವ್ಯವಸ್ಥೆಯಿಲ್ಲ. ಈ ಕೊರತೆಯ ಬಗ್ಗೆ ತಮ್ಮ ಓದುಗರ ಹಾಗೂ ಸರ್ಕಾರದ ಗಮನ ಸೆಳೆಯುವುದು ಈ ಪತ್ರದ ಉದ್ದೇಶ.

ಸಿಕ್ಕ ಜಾಗಕ್ಕೆ ಇಷ್ಟು ಮಹತ್ವ ಏಕೆ ಎಂದು ಕೇಳುವವರಿದ್ದಾರೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ರೋಮನ್ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ದೊರೆಯಿತು. ಅದು ಯಾವ ಮಣ್ಣಿನ ಪದರದಲ್ಲಿ, ಯಾವ ಬಗೆಯ ಮಡಕೆ ಚೂರುಗಳ ನಡುವೆ ಇತ್ತೆಂಬುದು ತಿಳಿದಿದ್ದರಿಂದಲೇ ಆ ಪದರವನ್ನು ಕ್ರಿಸ್ತಶಕದ ಮೊದಲ ಶತಮಾನದ ಸುತ್ತಮುತ್ತ ಇಡಲು ಆಧಾರ ಸಿಕ್ಕಿತು. ಬರೆಹವಿಲ್ಲದ, ದೊರೆಯ ಹೆಸರಿಲ್ಲದ ಮಡಕೆ ಚೂರುಗಳಿಗೂ ಅದರ ಬೆನ್ನಲ್ಲೇ ಒಂದು ಕಾಲ ದಕ್ಕಿತು. ಅದೇ ನಾಣ್ಯ ಯಾವುದೋ ಊರಿನ ಅಕ್ಕಸಾಲಿಗರ ಅಂಗಡಿಯಲ್ಲಿ ಸಿಕ್ಕಿದ್ದರೆ ರೋಮನ್ನರ ಬಗ್ಗೆ ನಮಗೆ ಮೊದಲೇ ಗೊತ್ತಿದ್ದುದನ್ನು ಇನ್ನೊಮ್ಮೆ ಹೇಳುತ್ತಿತ್ತೇ ಹೊರತು ಚಂದ್ರವಳ್ಳಿಯ ಬಗ್ಗೆ ಏನನ್ನೂ ಹೇಳುತ್ತಿರಲಿಲ್ಲ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲು ಹಳಿಯ ಕೆಲಸದ ವೇಳೆ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು ಎಲ್ಲಿ, ಯಾವಾಗ ಎಂಬುದು ದಾಖಲಾಗಿರುವುದರಿಂದಲೇ ಆ ಭಾಗಕ್ಕೂ ಕಡಲಾಚೆಯ ವ್ಯಾಪಾರಕ್ಕೂ ಇದ್ದಿರಬಹುದಾದ ನಂಟಿನ ಬಗ್ಗೆ ಇಂದಿಗೂ ಚರ್ಚಿಸಲು ಸಾಧ್ಯವಾಗಿದೆ.

ನಮ್ಮ ನಾಡಿನ ದೊಡ್ಡ ಶೋಧಗಳೆಲ್ಲ ವಿದ್ವಾಂಸರು ಹುಡುಕಿಕೊಂಡು ಹೋಗಿ ಮಾಡಿದವಲ್ಲ. ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಗುರುತಿಸಿದವರು ಚಿನ್ನದ ಅದಿರು ಅರಸುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್. ಅಲ್ಲಿಯವರೆಗೆ ತಿಳಿದಿದ್ದ ಬಂಡೆ ಹಾಗೂ ಕಂಬದ ಶಾಸನಗಳಲ್ಲಿ ದೊರೆಯು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆಸಿಕೊಂಡಿದ್ದ. ಆ ಬಿರುದುಗಳ ಹಿಂದಿರುವವನು ಅಶೋಕನೇ ಎಂಬುದನ್ನು ಕಲ್ಲಿನ ಮೇಲೆಯೇ ಹೇಳಿದ್ದು ಮಸ್ಕಿಯ ಆ ಬಂಡೆ. ಬೀಡನ್ ಅವರು ಲಿಪಿತಜ್ಞರಲ್ಲ. ಕಂಡದ್ದನ್ನು ತಿಳಿದವರಿಗೆ ತಲುಪಿಸಿದರು, ಎಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಪ್ರಕಟಿಸಿದರು. ಕಲಬುರಗಿ ಜಿಲ್ಲೆಯ ಸನ್ನತಿಯ ಕಥೆ ಇದಕ್ಕಿಂತ ವಿಚಿತ್ರವಾದದ್ದು. ಅಲ್ಲಿನ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಮೂರ್ತಿಗೆ ಧಕ್ಕೆಯಾದಾಗ, ಮೂರ್ತಿಯ ಪೀಠಕ್ಕೆ ಬಳಸಿದ್ದ ಚಪ್ಪಡಿಯೇ ಅಶೋಕನ ಶಾಸನವೆಂದು ಗೊತ್ತಾಯಿತು. ಮೂರ್ತಿಯನ್ನು ನಿಲ್ಲಿಸಲೆಂದು ಯಾವುದೋ ಕಾಲದಲ್ಲಿ ಅದರ ನಡುವೆ ಕುಳಿ ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿಯೇ ಬಿಟ್ಟಿವೆ. ಅವಶೇಷಗಳನ್ನು ತೆರವು ಮಾಡುವವರು ಆ ಚಪ್ಪಡಿಯನ್ನೂ ಮಣ್ಣಿನ ಜೊತೆ ಸಾಗಿಸಿದ್ದರೆ ಯಾರಿಗೂ ಏನೂ ಕಳೆದುಕೊಂಡಂತೆ ಅನ್ನಿಸುತ್ತಲೇ ಇರಲಿಲ್ಲ. ದಾಖಲಾಗದೆ ಹೋದ ವಸ್ತುವಿನ ವಿಷಯದಲ್ಲಿ ತೊಂದರೆ ಇರುವುದೇ ಇಲ್ಲಿ. ನಷ್ಟವಾದದ್ದು ಏನೆಂದು ಲೆಕ್ಕ ಹಾಕಲೂ ಸಾಧ್ಯವಿಲ್ಲ.

ದಾಖಲೆಯೊಂದರಿಂದ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ನಮ್ಮ ಕೈಯಲ್ಲೇ ಇದೆ. ಶಾಸನತಜ್ಞ ಬಿ.ಎಲ್. ರೈಸ್ ಅವರು 1886ರಿಂದ ಹೊರತರಲು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಹಳೆಯ ಮೈಸೂರು ಸಂಸ್ಥಾನ ಮತ್ತು ಕೊಡಗಿನ 9,000ದ ಸಮೀಪದಷ್ಟು ಶಾಸನಗಳಿವೆ. ಒಂದೊಂದರ ತಲೆಯಲ್ಲೂ ಯಾವ ಗ್ರಾಮ, ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ನೆಟ್ಟ ಕಲ್ಲು ಎಂಬ ಒಂದು ಸಾಲು. ಓದುವವರು ಸಾಮಾನ್ಯವಾಗಿ ಹಾರಿಸಿ ಮುಂದೆ ಹೋಗುವ ಆ ಸಾಲು ಈಗ ಶಾಸನದ ಪಾಠದಷ್ಟೇ ಬೆಲೆಯುಳ್ಳದ್ದಾಗಿದೆ. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಒಂಬತ್ತನೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ಅದರಲ್ಲಿ ಹೇಳಿದ ಜಾಗಗಳಿಗೆ ಇತ್ತೀಚಿನ ವರ್ಷಗಳಲ್ಲಿ ಹೋಗಿ ಹುಡುಕಿದ ಆಸಕ್ತ ನಾಗರಿಕರಿಗೆ ಎಷ್ಟೋ ಕಡೆ ಕಲ್ಲು ಸಿಗಲಿಲ್ಲ. ಬಡಾವಣೆ, ರಸ್ತೆ, ಕಟ್ಟಡ ಸಿಕ್ಕವು. ಕಲ್ಲು ಹೋದರೂ ಪಾಠ ಅಚ್ಚಿನಲ್ಲಿ ಉಳಿದಿದೆ, ಅದು ನಿಂತಿದ್ದ ಊರು ಯಾವುದೆಂಬುದು ಉಳಿದಿದೆ. ದಾಖಲಾಗದೆ ಹೋದ ಕಲ್ಲುಗಳ ವಿಷಯದಲ್ಲಿ ಈ ಸಮಾಧಾನವೂ ಇಲ್ಲ.

ಅದೇ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ಅಗೆದಾಗ ಹೊರಬಂದ ವೀರಗಲ್ಲೊಂದು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು ಎಂದು ಗೊತ್ತಾದದ್ದು ಸ್ಥಳೀಯರು ಮತ್ತು ಶಾಸನಾಸಕ್ತರು ಅದನ್ನು ಕಸದ ಪಾಲಾಗಲು ಬಿಡದೆ ಗಮನಿಸಿದ್ದರಿಂದ. ರಟ್ಟವಾಡಿಯವರ ದಾಳಿಯಲ್ಲಿ ಹೋರಾಡಿ ಮಡಿದ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಆ ಕಲ್ಲಿನಲ್ಲಿ ಪೆರ್ಬೊಳಲ್ನಾಡಿನ, ಅಂದರೆ ಹೆಬ್ಬಾಳ ಸೀಮೆಯ ಹೆಸರಿದೆ. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಹೆಬ್ಬಾಳಕ್ಕೆ ಹೆಸರಿತ್ತು, ಅದನ್ನು ಕಾಯಲು ಒಬ್ಬ ಪ್ರಾಣ ಕೊಟ್ಟಿದ್ದ ಎಂಬ ಮಾಹಿತಿ ಚರಂಡಿಯ ಅಂಚಿನಲ್ಲಿ ಬಿದ್ದಿತ್ತು. ಈಗ ಆ ಕಲ್ಲಿಗೆ ಮಂಟಪವಿದೆ. ಬೆಂಗಳೂರಿನ ಇತಿಹಾಸ ಸಂಶೋಧನ ಸಂಸ್ಥೆಯಾದ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ 2021ರಿಂದ ನಡೆಯುತ್ತಿರುವ ಯೋಜನೆಯಲ್ಲಿ ಬೆಂಗಳೂರು ಭಾಗದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಡಲಾಗುತ್ತಿದೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಓದಲು ಬರುತ್ತವೆ. ಇದೆಲ್ಲ ಸಂತೋಷದ ಸಂಗತಿಯೇ. ಆದರೆ ರಾಜಧಾನಿಯಲ್ಲಿ ಕಂಪ್ಯೂಟರ್ ಬಲ್ಲ, ಬಿಡುವು ಮಾಡಿಕೊಳ್ಳಬಲ್ಲ, ಅಧಿಕಾರಿಗಳ ಬಾಗಿಲು ತಟ್ಟಬಲ್ಲ ಜನರಿರುವುದರಿಂದ ಆದ ಕೆಲಸ ಮೊಳಕಾಲ್ಮೂರಿನಲ್ಲಿಯೋ ಲಿಂಗಸುಗೂರಿನಲ್ಲಿಯೋ ತಾನಾಗಿ ಆಗುವುದಿಲ್ಲ.

ಕಾಯ್ದೆ ಏನು ಹೇಳುತ್ತದೆ ಎಂದು ನೋಡೋಣ. ಬ್ರಿಟಿಷ್ ಸರ್ಕಾರ 1878ರಲ್ಲಿ ತಂದ ನಿಧಿ ನಿಕ್ಷೇಪ ಕಾಯ್ದೆಯ ಪ್ರಕಾರ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಕಲೆಕ್ಟರರಿಗೆ ಲಿಖಿತವಾಗಿ ತಿಳಿಸಬೇಕು. ನಿಧಿಯ ಸ್ವರೂಪ ಮತ್ತು ಅಂದಾಜು ಬೆಲೆ, ಸಿಕ್ಕ ಸ್ಥಳ, ಸಿಕ್ಕ ದಿನ ಇವನ್ನು ಬರೆದುಕೊಡಬೇಕು. ತಿಳಿಸದೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸವುಂಟು. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ನಿಕ್ಷೇಪ ಕಾಯ್ದೆ ಮಾಡಿಕೊಂಡಿತು. ಇವುಗಳ ಕಾಳಜಿಯೆಲ್ಲ ಹಕ್ಕು ಮತ್ತು ಪಾಲಿನ ಮೇಲೆ. ಸಿಕ್ಕವನಿಗೆಷ್ಟು, ಭೂಮಾಲೀಕನಿಗೆಷ್ಟು, ಸರ್ಕಾರಕ್ಕೆ ಬೇಕಾದರೆ ಏನು ಕೊಟ್ಟು ಪಡೆಯಬೇಕು ಎಂಬುದರಲ್ಲೇ ಕಲಮುಗಳು ಮುಗಿಯುತ್ತವೆ. ಸ್ಥಳ ಯಾವುದೆಂದು ಕೇಳುವ ಪ್ರಶ್ನೆ 1878ರಲ್ಲೇ ಇತ್ತು ಎಂಬುದನ್ನು ಮಾತ್ರ ಮೆಚ್ಚಬೇಕು. ಅದಕ್ಕೆ ಬಂದ ಉತ್ತರ ಕಂದಾಯ ಇಲಾಖೆಯ ಕಡತದೊಳಗೆ ಕೂರುತ್ತದೆ. ಇತಿಹಾಸ ಓದುವವರ ಕೈಗೆ ಬರುವುದು ಅಪರೂಪ. ಇನ್ನು 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ ನೂರು ವರ್ಷಕ್ಕಿಂತ ಹಳೆಯ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸುವುದನ್ನು ತಡೆಯುತ್ತದೆ, ಶಿಲ್ಪ, ವರ್ಣಚಿತ್ರಗಳಂಥ ಕೆಲವು ಬಗೆಯವನ್ನು ಮಾಲೀಕರು ನೋಂದಾಯಿಸಬೇಕೆನ್ನುತ್ತದೆ. ಕಳ್ಳಸಾಗಣೆ ತಡೆಯಲು ಅದು ಅಗತ್ಯವೇ. ಆದರೆ ಹೊಲದ ಬದುವಿನಲ್ಲಿ ಸಿಕ್ಕ ನಯಗೊಳಿಸಿದ ಕಲ್ಲಿನ ಕೊಡಲಿ, ಕಪ್ಪು-ಕೆಂಪು ಮಡಕೆಯ ಚೂರು, ಮಣ್ಣಿನ ಮಣಿ, ಮುರಿದ ವೀರಗಲ್ಲಿನ ತುಂಡು ಇವುಗಳನ್ನು ಕುರಿತು ಯಾರು, ಯಾರಿಗೆ, ಯಾವ ನಮೂನೆಯಲ್ಲಿ ತಿಳಿಸಬೇಕು ಎಂಬುದಕ್ಕೆ ಈ ಕಾಯ್ದೆಗಳಲ್ಲಿ ನೇರವಾದ ಉತ್ತರವಿಲ್ಲ. ಚಿನ್ನವಾದರೆ ತಹಶೀಲ್ದಾರರು ಅಂದೇ ಬರುತ್ತಾರೆ. ಕಲ್ಲಾದರೆ ಯಾರೂ ಬರುವುದಿಲ್ಲ.

ಇದನ್ನು ಊಹೆಯಿಂದ ಬರೆಯುತ್ತಿಲ್ಲ. ನಮ್ಮ ತಾಲ್ಲೂಕಿನ ಊರೊಂದರಲ್ಲಿ ಕೆರೆಯ ಹೂಳೆತ್ತುತ್ತಿದ್ದಾಗ ಮೂರು ಅಂತಸ್ತಿನ ವೀರಗಲ್ಲೊಂದು ಜೆಸಿಬಿಯ ಹಲ್ಲಿಗೆ ಸಿಕ್ಕಿತು. ಕೆಳಗಿನ ಅಂತಸ್ತಿನಲ್ಲಿ ದನಗಳ ಸಾಲು ಮತ್ತು ಬಿಲ್ಲು ಹಿಡಿದ ವೀರ, ನಡುವೆ ಅವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ ಮತ್ತು ಅರ್ಚಕ. ಅಂತಸ್ತುಗಳ ನಡುವಿನ ಪಟ್ಟಿಕೆಯಲ್ಲಿ ಅಕ್ಷರಗಳಿದ್ದವು. ಯಂತ್ರದ ಏಟಿಗೆ ಕಲ್ಲು ಎರಡನೆಯ ಪಟ್ಟಿಕೆಯ ಬಳಿಯೇ ಎರಡಾಯಿತು. ಸುದ್ದಿ ತಿಳಿದು ಹೋದ ನಾನು ಮತ್ತು ಊರಿನ ಇಬ್ಬರು ಹುಡುಗರು ಫೋಟೊ ತೆಗೆದು, ಅಳತೆ ಬರೆದುಕೊಂಡು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋದೆವು. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತನಾಡಿದರು. ಕುಳ್ಳಿರಿಸಿ, ನೀರು ಕೊಟ್ಟು, ಇದು ನಮಗೆ ಬರುವುದಿಲ್ಲ ಎಂದು ಇನ್ನೊಂದು ಕಚೇರಿಯ ಹೆಸರು ಹೇಳಿದರು. ಎರಡನೆಯ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು, ಸ್ವೀಕೃತಿ ಕೊಡಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಕಲ್ಲಿನ ಮೇಲ್ಭಾಗಕ್ಕೆ ಏರಿಯ ಮೇಲೆ ಕಟ್ಟೆ ಕಟ್ಟಿ, ಎಣ್ಣೆಬಣ್ಣ ಬಳಿದು ಪೂಜೆ ಆರಂಭವಾಗಿತ್ತು. ದನಗಳ ಸಾಲಿದ್ದ ಕೆಳಭಾಗ ಎಲ್ಲಿ ಹೋಯಿತೆಂದು ಕೇಳಿದರೆ ಒಬ್ಬರು ತೂಬಿನ ಹಾಸುಗಲ್ಲಾಯಿತೆಂದರು, ಮತ್ತೊಬ್ಬರು ಟ್ರ್ಯಾಕ್ಟರಿನಲ್ಲಿ ಮಣ್ಣಿನ ಜೊತೆ ಹೋಯಿತೆಂದರು. ವೀರನ ಹೆಸರಿದ್ದಿರಬಹುದಾದ ಸಾಲು ಆ ತುಂಡಿನ ಮೇಲಂಚಿನಲ್ಲಿತ್ತು. ಊರಿನವರನ್ನು ದೂರುವುದು ನ್ಯಾಯವಲ್ಲ. ಅವರು ಕಲ್ಲನ್ನು ತಮಗೆ ತಿಳಿದ ರೀತಿಯಲ್ಲಿ ಗೌರವಿಸಿದರು; ಬೇರೆ ರೀತಿಯೊಂದಿದೆ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಅರ್ಜಿ ಕೊಡುವಷ್ಟು ದೂರ ಬರುವವರೇ ಕಡಿಮೆ. ವಿಷಯ ತಿಳಿಸಿದರೆ ಜಮೀನು ಹೋಗುತ್ತದೆ, ಮನೆ ಕಟ್ಟಲು ಬಿಡುವುದಿಲ್ಲ, ಪೊಲೀಸರು ಬಂದು ಇನ್ನೂ ಏನೇನು ಸಿಕ್ಕಿತ್ತೆಂದು ಕೇಳುತ್ತಾರೆ ಎಂಬ ಭಯ ಹಳ್ಳಿಗಳಲ್ಲಿ ಬಲವಾಗಿದೆ. ಈ ಭಯ ಪೂರ್ತಿ ನಿರಾಧಾರವೂ ಅಲ್ಲ. ಪುರಾತನ ಸ್ಮಾರಕಗಳ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ನಂತರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಂಥ ಸ್ಮಾರಕಗಳ ಮಗ್ಗುಲಲ್ಲಿ ಮನೆಯಿರುವವರ ಪಾಡನ್ನು ಕಂಡವರು ತಮ್ಮ ಹೊಲದ ಕಲ್ಲಿನ ವಿಷಯದಲ್ಲಿ ಬಾಯಿ ಬಿಡದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಒಂದು ವಸ್ತು ಸಿಕ್ಕಿತೆಂದು ತಿಳಿಸಿದ ಮಾತ್ರಕ್ಕೆ ಆ ಹೊಲ ಸಂರಕ್ಷಿತ ಸ್ಮಾರಕವಾಗುವುದಿಲ್ಲ. 1958ರ ಆ ಕೇಂದ್ರ ಕಾಯ್ದೆಯಡಿ ಹಾಗೆ ಘೋಷಿಸಲು ಸರ್ಕಾರ ಮೊದಲು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗೆ ಎರಡು ತಿಂಗಳ ಕಾಲಾವಕಾಶ ಕೊಡಲೇಬೇಕು. ಈ ವ್ಯತ್ಯಾಸವನ್ನು ರೈತರಿಗೆ ಸರಳವಾದ ಮಾತಿನಲ್ಲಿ, ಬರವಣಿಗೆಯಲ್ಲಿ, ಸರ್ಕಾರದ ಮೊಹರಿನೊಂದಿಗೆ ತಿಳಿಸುವ ಕೆಲಸ ಇದುವರೆಗೆ ಆದಂತೆ ಕಾಣುವುದಿಲ್ಲ.

ಹೊರದೇಶದ ಒಂದು ವ್ಯವಸ್ಥೆಯನ್ನು ಇಲ್ಲಿ ಉಲ್ಲೇಖಿಸಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಿಧಿಗೆ ಸಂಬಂಧಿಸಿದ ಹೊಸ ಕಾಯ್ದೆ 1997ರಲ್ಲಿ ಜಾರಿಗೆ ಬಂದಾಗ, ನಿಧಿಯ ವ್ಯಾಖ್ಯೆಗೆ ಒಳಪಡದ ಸಾಮಾನ್ಯ ವಸ್ತುಗಳಿಗಾಗಿ ಪೋರ್ಟಬಲ್ ಆ್ಯಂಟಿಕ್ವಿಟೀಸ್ ಸ್ಕೀಮ್ ಎಂಬ ಯೋಜನೆಯನ್ನೂ ಆರಂಭಿಸಿದರು. 2003ರ ಹೊತ್ತಿಗೆ ಅದು ಇಡೀ ಪ್ರದೇಶಕ್ಕೆ ಹರಡಿತು. ಬ್ರಿಟಿಷ್ ಮ್ಯೂಸಿಯಂ ಅದರ ಹೊಣೆ ಹೊತ್ತಿದೆ. ಒಂದೊಂದು ಭಾಗಕ್ಕೂ ಸಂಪರ್ಕಾಧಿಕಾರಿಯೊಬ್ಬರಿರುತ್ತಾರೆ. ಹೊಲದಲ್ಲಿ ಹಳೆಯ ಗುಂಡಿ, ಬಕಲು, ನಾಣ್ಯ, ಕಲ್ಲಿನ ಉಪಕರಣ ಏನು ಸಿಕ್ಕರೂ ಅವರ ಬಳಿ ಒಯ್ದು ತೋರಿಸಬಹುದು. ಅವರು ಗುರುತಿಸಿ, ಫೋಟೊ ತೆಗೆದು, ಅಳತೆ ಮತ್ತು ಸಿಕ್ಕ ಜಾಗವನ್ನು ದಾಖಲಿಸಿ, ನಿಧಿಯ ವ್ಯಾಖ್ಯೆಗೆ ಬರದ ವಸ್ತುವನ್ನು ತಂದವರಿಗೇ ಹಿಂದಿರುಗಿಸುತ್ತಾರೆ. ಹೀಗೆ ದಾಖಲಾದ ವಸ್ತುಗಳ ಸಂಖ್ಯೆ 15 ಲಕ್ಷವನ್ನು ದಾಟಿದೆ. ಎಲ್ಲರೂ ಉಚಿತವಾಗಿ ನೋಡಬಹುದಾದ ಅಂತರ್ಜಾಲ ಸಂಗ್ರಹದಲ್ಲಿ ಅವಿವೆ.

ಆ ದೇಶದಲ್ಲಿ ಇದಕ್ಕೂ ಮೊದಲೇ, 1992ರಲ್ಲಿ, ಸಫೋಕ್ ಜಿಲ್ಲೆಯ ಹಾಕ್ಸನ್ ಎಂಬ ಊರಿನಲ್ಲಿ ರೈತನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆಯನ್ನು ಹುಡುಕಿಕೊಡಲು ಅವನ ಗೆಳೆಯನೊಬ್ಬ ಲೋಹಶೋಧಕ ಹಿಡಿದು ಹೋದಾಗ ರೋಮನ್ ಕಾಲದ ಚಿನ್ನ ಮತ್ತು ಬೆಳ್ಳಿಯ ಭಾರಿ ನಿಧಿ ಸಿಕ್ಕಿತು. ಆತ ಒಂದಿಷ್ಟು ಎತ್ತಿದ ಮೇಲೆ ಕೈ ತಡೆದು, ವಿಷಯ ಮುಟ್ಟಿಸಿದ. ಪುರಾತತ್ವಜ್ಞರು ಮರುದಿನವೇ ಬಂದು ಉಳಿದುದನ್ನು ಪದರ ಪದರವಾಗಿ ಬಿಡಿಸಿದರು. ಆದ್ದರಿಂದಲೇ 15 ಸಾವಿರದಷ್ಟು ನಾಣ್ಯಗಳ ಜೊತೆಗೆ ಅವನ್ನಿಟ್ಟಿದ್ದ ಮರದ ಪೆಟ್ಟಿಗೆಯ ಕುರುಹು, ಚಿಕ್ಕ ಬೆಳ್ಳಿಯ ಬೀಗಗಳು, ಪಾತ್ರೆಗಳ ನಡುವೆ ತುರುಕಿದ್ದ ಬಟ್ಟೆ ಮತ್ತು ಹುಲ್ಲಿನ ಅವಶೇಷ ಸಹ ಉಳಿದವು. ಒಂದು ಮನೆತನ ತನ್ನ ಆಸ್ತಿಯನ್ನು ಹೇಗೆ ಜೋಡಿಸಿ ಹೂತಿಟ್ಟಿತ್ತೆಂಬುದು ತಿಳಿಯಿತು. ಸಿಕ್ಕವನಿಗೆ 17 ಲಕ್ಷ 50 ಸಾವಿರ ಪೌಂಡ್ ಬಹುಮಾನ ಬಂತು. ಅವನು ಅದನ್ನು ಹೊಲದ ರೈತನೊಡನೆ ಹಂಚಿಕೊಂಡ. ಆ ಸುತ್ತಿಗೆಯೂ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಈ ಮಾದರಿಯನ್ನು ಹಾಗೆಯೇ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿ ಲೋಹಶೋಧಕ ಹಿಡಿದು ಹೊಲ ಸುತ್ತುವುದು ಭೂಮಾಲೀಕರ ಒಪ್ಪಿಗೆಯಿದ್ದರೆ ನ್ಯಾಯಬದ್ಧವಾದ ಹವ್ಯಾಸ. ನಮ್ಮಲ್ಲಿ ಅದೇ ಯಂತ್ರ ನಿಧಿಗಳ್ಳರ ಕೈಯ ಆಯುಧ. ನಂದಿಯ ಹೊಟ್ಟೆಯಲ್ಲಿ ವಜ್ರವಿದೆಯೆಂದು ವಿಗ್ರಹ ಒಡೆಯುವವರು, ಗರ್ಭಗುಡಿಯ ಹಾಸು ಕಿತ್ತು ಅಗೆಯುವವರು, ಅಮಾವಾಸ್ಯೆಯ ರಾತ್ರಿ ವೀರಗಲ್ಲಿನ ಬುಡಕ್ಕೆ ಹಾರೆ ಹಾಕುವವರು ಇರುವ ನಾಡಿನಲ್ಲಿ ಹುಡುಕಾಟಕ್ಕೆ ಪ್ರೋತ್ಸಾಹ ಕೊಡುವ ಯಾವ ಯೋಜನೆಯೂ ಅಪಾಯಕಾರಿ. ನಮಗೆ ಅದರ ಅಗತ್ಯವೂ ಇಲ್ಲ. ಉಳುಮೆ, ಪಾಯ, ಕೊಳವೆ ಮಾರ್ಗ, ರಸ್ತೆ ಅಗಲೀಕರಣ, ಕೃಷಿಹೊಂಡ, ಕೆರೆಯ ಹೂಳು ಇವುಗಳಿಂದ ದಿನನಿತ್ಯ ಹೊರಬರುತ್ತಿರುವುದನ್ನು ಬರೆದುಕೊಂಡರೆ ಸಾಕು. ಹುಡುಕಿದವರಿಗಲ್ಲ, ಆಕಸ್ಮಿಕವಾಗಿ ಸಿಕ್ಕವರಿಗೆ ಒಂದು ದಾರಿ ಬೇಕು.

ಆ ದಾರಿಯ ಮುಕ್ಕಾಲು ಭಾಗ ನಮ್ಮಲ್ಲಿ ಆಗಲೇ ಸಿದ್ಧವಿದೆ ಎಂಬುದು ನನ್ನ ಅಭಿಪ್ರಾಯ. ರಾಜ್ಯದ ಹೊಲಗಳಿಗೆಲ್ಲ ಸರ್ವೇ ನಂಬರ್ ಇದೆ. ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತ ಜಾಗ ಯಾವ ನಂಬರಿನಲ್ಲಿದೆ ಎಂದು ಮೊಬೈಲ್ ತೋರಿಸುತ್ತದೆ. ಇಂಗ್ಲೆಂಡಿನವರು ನಕ್ಷೆಯ ಚೌಕಗಳಲ್ಲಿ ಗುರುತಿಸಿಕೊಳ್ಳುವುದನ್ನು ನಮ್ಮ ರೈತ ತನ್ನ ಪಹಣಿಯಿಂದಲೇ ಹೇಳಬಲ್ಲ. ಗ್ರಾಮೀಣ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ತೋಡಿದ ಗುಂಡಿಗಳ ಉದ್ದ, ಅಗಲ, ಆಳವನ್ನು ಎಂಜಿನಿಯರರು ಅಳತೆ ಪುಸ್ತಕದಲ್ಲಿ ಬರೆಯಲೇಬೇಕು, ಇಲ್ಲವಾದರೆ ಕೂಲಿ ಬಿಡುಗಡೆಯಾಗುವುದಿಲ್ಲ. ಗುಂಡಿಯ ಆಳವನ್ನು ಇಷ್ಟು ನಿಷ್ಠೆಯಿಂದ ಬರೆಯುವ ಪುಸ್ತಕದಲ್ಲಿ, ಆ ಗುಂಡಿಯೊಳಗೆ ಸಿಕ್ಕ ಕಲ್ಲಿಗೆ, ಮಡಕೆಗೆ, ಮೂಳೆಗೆ ಒಂದು ಕಾಲಂ ಇಲ್ಲ. ಅದೊಂದನ್ನು ಸೇರಿಸಲು ಹೊಸ ಇಲಾಖೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಹಾಗೆಯೇ ಗ್ರಾಮ ಪಂಚಾಯಿತಿಯಲ್ಲಿ ಪುರಾತನ ವಸ್ತುಗಳ ವಹಿಯೊಂದನ್ನಿಟ್ಟು, ತಿಳಿಸಿದವರಿಗೆ ಕ್ರಮಸಂಖ್ಯೆಯಿರುವ ಸ್ವೀಕೃತಿ ಕೊಡಬೇಕು. ವಹಿಯ ಪ್ರತಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಹೋಗಬೇಕು. ಬರೆದುಕೊಳ್ಳುವುದು ಬೇರೆ, ವಶಪಡಿಸಿಕೊಳ್ಳುವುದು ಬೇರೆ ಎಂಬುದನ್ನು ಆ ಸ್ವೀಕೃತಿಯ ಮೇಲೆಯೇ ಅಚ್ಚು ಹಾಕಿದರೆ ಭಯದ ಅರ್ಧ ಭಾಗ ಕರಗುತ್ತದೆ.

ಬಂದ ಮಾಹಿತಿಯನ್ನು ನೋಡಿ ಗುರುತಿಸುವವರಾರು ಎಂಬುದು ನಿಜವಾದ ಕಷ್ಟ. ಇಲಾಖೆಯಲ್ಲಿ ಸಿಬ್ಬಂದಿ ಕಡಿಮೆ ಎಂಬುದು ಎಲ್ಲರೂ ಬಲ್ಲ ವಿಷಯ. ಆದರೆ ಇತಿಹಾಸ ವಿಭಾಗವಿರುವ ಪದವಿ ಕಾಲೇಜು ಇಲ್ಲದ ಜಿಲ್ಲೆ ನಮ್ಮಲ್ಲಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಶಾಸನ ಸಂಪುಟಗಳನ್ನೇ ಹೊರತಂದಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಪ್ರಧಾನ ಕಚೇರಿ ಮೈಸೂರಿನಲ್ಲೇ ಇದೆ. ತಾಲ್ಲೂಕಿಗೊಬ್ಬ ಅಧ್ಯಾಪಕರನ್ನು ಗೊತ್ತುಪಡಿಸಿ, ಅವರಿಗೆ ಶಾಸನದ ಪಡಿಯಚ್ಚು (ಕಾಗದದ ಮೇಲೆ ಅಕ್ಷರಗಳ ಅಚ್ಚು) ತೆಗೆಯುವ ತರಬೇತಿ ಮತ್ತು ಓಡಾಟದ ಖರ್ಚು ಕೊಟ್ಟರೆ ಮೊದಲ ಹಂತದ ಗುರುತಿಸುವಿಕೆ ನಡೆದುಹೋಗುತ್ತದೆ. ಅವರಿಗೂ ತಿಳಿಯದುದು ಮಾತ್ರ ಮೇಲಿನವರಿಗೆ ಹೋಗಲಿ.

ವಸ್ತು ಸಿಕ್ಕ ಮೊದಲ ಗಂಟೆಯಲ್ಲಿ ಏನು ಮಾಡಬಾರದು ಎಂಬುದನ್ನು ಶಾಲೆಗಳಲ್ಲೇ ಹೇಳಿಕೊಡುವಂತಾಗಬೇಕು. ನಾಣ್ಯ ಸಿಕ್ಕೊಡನೆ ಹುಣಸೆಹುಳಿ ಹಚ್ಚಿ ತಿಕ್ಕುವುದು ನಮ್ಮ ಮನೆಗಳ ರೂಢಿ. ಹೊಳಪಿನ ಜೊತೆಗೆ ಅಂಚಿನ ಅಕ್ಷರವೂ ಸವೆದು, ನಾಣ್ಯಕ್ಕೆ ಅಂಟಿದ್ದ ಬಟ್ಟೆಯ ಎಳೆಯೋ ಮಣ್ಣೋ ತೊಳೆದುಹೋಗುತ್ತದೆ. ಶಾಸನದ ಅಕ್ಷರಗಳ ಗುಂಟ ಸುಣ್ಣದ ಕಡ್ಡಿ ಎಳೆಯುವುದು ಇನ್ನೊಂದು ಅಭ್ಯಾಸ. ತನಗೆ ಕಂಡ ಹಾಗೆ ಒಬ್ಬರು ಎಳೆದ ಗೆರೆಯನ್ನೇ ಮುಂದಿನವರು ಅಕ್ಷರವೆಂದು ಓದುತ್ತಾರೆ. ಅಂಥ ಫೋಟೊದಲ್ಲಿ ಕಾಣುವುದು ಗೆರೆ ಎಳೆದವರ ಓದು, ಕಲ್ಲು ಕೊರೆದವನದ್ದಲ್ಲ. ಓರೆಯಾಗಿ ಬಿಸಿಲು ಬೀಳುವ ಮುಂಜಾನೆಯೋ ಸಂಜೆಯೋ ಕಲ್ಲನ್ನು ಮುಟ್ಟದೆ ಫೋಟೊ ತೆಗೆದರೆ ಎಷ್ಟೋ ಅಕ್ಷರಗಳು ತಾವಾಗಿ ಏಳುತ್ತವೆ. ಪಕ್ಕದಲ್ಲಿ ಅಳತೆಪಟ್ಟಿಯಿರಲಿ, ಇಲ್ಲದಿದ್ದರೆ ಒಂದು ಪೆನ್ನಾದರೂ ಇರಲಿ.

ಕಲ್ಲಿನ ಕೊಡಲಿಗಳ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕೆನಿಸುತ್ತದೆ, ಏಕೆಂದರೆ ಅವುಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಸಿಡಿಲು ಬಿದ್ದ ಜಾಗದಲ್ಲಿ ಸಿಗುವ ಕಲ್ಲೆಂದು ನಂಬಿ ಕೆಲವರು ಅವನ್ನು ಮನೆಯಲ್ಲಿಟ್ಟುಕೊಳ್ಳುತ್ತಾರೆ, ಕೆಲವರು ಅರಳಿಕಟ್ಟೆಯ ಮೇಲಿಡುತ್ತಾರೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಡೋಲರೈಟ್ ಕಲ್ಲನ್ನು ಒಡೆದು ದೊಡ್ಡ ಪ್ರಮಾಣದಲ್ಲಿ ಕೊಡಲಿಗಳನ್ನು ತಯಾರಿಸುತ್ತಿದ್ದರೆಂದು ಉತ್ಖನನಗಳು ತೋರಿಸಿವೆ. ಅಷ್ಟು ಕೊಡಲಿಗಳು ಎಲ್ಲಿಗೆ ಹೋಗುತ್ತಿದ್ದವು? ಸುತ್ತಲಿನ ಜಿಲ್ಲೆಗಳ ಹೊಲಗಳಲ್ಲಿ ಸಿಕ್ಕ ಕೊಡಲಿಗಳು ಯಾವ ಕಲ್ಲಿನವು, ಯಾವ ಊರಿನವು ಎಂದು ನಕ್ಷೆಯ ಮೇಲೆ ಗುರುತು ಹಾಕುತ್ತ ಹೋದರೆ ನಾಲ್ಕು ಸಾವಿರ ವರ್ಷಗಳ ಹಿಂದಿನ ಕೊಡುಕೊಳ್ಳುವಿಕೆಯ ಹಾದಿ ಕಂಡರೂ ಕಾಣಬಹುದು. ಬಿಡಿಯಾಗಿ ನೋಡಿದರೆ ಒಂದು ಕೊಡಲಿಗೆ ಸಂಗ್ರಹಾಲಯದಲ್ಲಿ ಜಾಗವೂ ಸಿಗಲಿಕ್ಕಿಲ್ಲ; ಸಿಕ್ಕ ಊರಿನ ಹೆಸರಿನೊಡನೆ ನೂರು ಕೊಡಲಿಗಳ ಪಟ್ಟಿಯಿದ್ದರೆ ಅದು ಒಂದು ಸಂಶೋಧನೆಗೆ ಆಧಾರ. ಕೊಡಲಿ ರೈತನ ಮನೆಯಲ್ಲೇ ಇರಲಿ, ಪಟ್ಟಿ ಎಲ್ಲರದಾಗಲಿ. ಬೃಹತ್ ಶಿಲಾಯುಗದ ಕಲ್ಲುವೃತ್ತಗಳ ಪಾಡೂ ಹೀಗೆಯೇ. ಗಂಗಾವತಿ ಸೀಮೆಯ ಹಿರೇಬೆಣಕಲ್ಲಿನ ಮೋರ್ಯರ ಮನೆಗಳು (ಚಪ್ಪಡಿಗಳಿಂದ ಕಟ್ಟಿದ ಕೋಣೆಯಂಥ ಸಮಾಧಿಗಳು) ಬೆಟ್ಟದ ಮೇಲಿರುವುದರಿಂದ ಬಚಾವಾಗಿವೆ. ಹೊಲಗಳ ನಡುವೆ ಇದ್ದ ವೃತ್ತಗಳ ಗುಂಡುಗಳು ಬೇಲಿಗೂ ಬದುವಿಗೂ ಹೋಗಿ, ಒಂದು ಕಾಲದಲ್ಲಿ ಅಲ್ಲಿ ಸಮಾಧಿಗಳಿದ್ದವೆಂಬ ನೆನಪು ಹಿರಿಯರ ತಲೆಯಲ್ಲಷ್ಟೇ ಉಳಿದಿದೆ.

ದಾಖಲೆ ಸಾರ್ವಜನಿಕವಾದರೆ ನಿಧಿಗಳ್ಳರಿಗೆ ನಾವೇ ನಕ್ಷೆ ಬರೆದುಕೊಟ್ಟಂತಾಗುವುದಿಲ್ಲವೆ ಎಂಬ ಆಕ್ಷೇಪಕ್ಕೆ ಉತ್ತರವಿದೆ. ಬ್ರಿಟನ್ನಿನ ಸಂಗ್ರಹದಲ್ಲಿ ನಿಖರವಾದ ಜಾಗ ಸಂಶೋಧಕರಿಗೆ ಮಾತ್ರ ಲಭ್ಯ. ಸಾರ್ವಜನಿಕರಿಗೆ ಕಾಣುವುದು ಸ್ಥೂಲವಾದ ಪ್ರದೇಶ, ಅದೂ ಸೂಕ್ಷ್ಮವಾದ ಕಡೆಗಳಲ್ಲಿ ಕಾಣುವುದಿಲ್ಲ. ನಮ್ಮಲ್ಲಿಯೂ ಗ್ರಾಮದ ಹೆಸರು ಪ್ರಕಟವಾಗಲಿ, ಸರ್ವೇ ನಂಬರ್ ಕಚೇರಿಯ ವಹಿಯಲ್ಲಿರಲಿ. ವಾಸ್ತವವಾಗಿ ಇಂದು ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನಿಧಿ ಸಿಕ್ಕ ಸುದ್ದಿಯಲ್ಲಿ ರೈತನ ಹೆಸರು, ಫೋಟೊ, ಹೊಲಕ್ಕೆ ಹೋಗುವ ದಾರಿ ಎಲ್ಲವೂ ಅಚ್ಚಾಗುತ್ತವೆ, ಕೆಲವು ವಾಹಿನಿಗಳಂತೂ ಗುಂಡಿಯೊಳಗೇ ಕ್ಯಾಮೆರಾ ಇಳಿಸುತ್ತವೆ. ಕಡತದಲ್ಲಿ ಮಾತ್ರ ಆಳವೂ ಇಲ್ಲ, ಅಳತೆಯೂ ಇಲ್ಲ.

ಈ ವಿಷಯದಲ್ಲಿ ಸರ್ಕಾರಕ್ಕಿಂತ ಮೊದಲು ತಾವೇ ಒಂದು ಹೆಜ್ಜೆ ಇಡಬಹುದೆಂದು ನನ್ನ ವಿನಂತಿ. ಪುರಾತನ ವಸ್ತು ಸಿಕ್ಕ ಸುದ್ದಿ ಬರೆಯುವಾಗ ಬೆಲೆಯ ಅಂದಾಜನ್ನೂ ಹೊಲದ ಗುರುತನ್ನೂ ಕೈಬಿಟ್ಟು, ವಸ್ತುವಿನ ಅಳತೆ, ಸಿಕ್ಕ ಆಳ, ಜೊತೆಯಲ್ಲಿ ಕಂಡ ಇತರ ವಸ್ತುಗಳು ಮತ್ತು ಅದು ಈಗ ಯಾರ ಸುಪರ್ದಿಯಲ್ಲಿದೆ ಎಂಬ ವಿವರಗಳನ್ನು ಸೇರಿಸುವಂತೆ ತಮ್ಮ ತಾಲ್ಲೂಕು ವರದಿಗಾರರಿಗೆ ಸೂಚಿಸಬೇಕು. ಸರ್ವೇ ನಂಬರನ್ನು ಅವರು ಪ್ರಕಟಿಸದೆ, ಸುದ್ದಿಯ ಪ್ರತಿಯೊಡನೆ ಇಲಾಖೆಗೆ ಕಳುಹಿಸಲಿ. ಅಂಥ ಸುದ್ದಿಯ ಕೊನೆಗೆ, ನಿಮ್ಮಲ್ಲಿಯೂ ಹೀಗೇನಾದರೂ ಸಿಕ್ಕಿದ್ದರೆ ಯಾರಿಗೆ ತಿಳಿಸಬೇಕು ಎಂಬ ಒಂದು ಸಾಲು ಮತ್ತು ಇಲಾಖೆಯ ದೂರವಾಣಿ ಸಂಖ್ಯೆ ಇರಲಿ. ಆರು ತಿಂಗಳ ನಂತರ ಅದೇ ವಸ್ತು ಎಲ್ಲಿದೆ, ಯಾರು ನೋಡಿದರು, ಏನೆಂದು ಗುರುತಿಸಿದರು ಎಂದು ಇನ್ನೊಮ್ಮೆ ವಿಚಾರಿಸಿ ಬರೆಯುವ ಪದ್ಧತಿಯನ್ನೂ ತಾವು ಆರಂಭಿಸಿದರೆ, ಉತ್ತರ ಕೊಡಬೇಕಾದ ಕಚೇರಿಗಳು ವಹಿಯನ್ನು ತಾವಾಗಿಯೇ ತೆರೆಯುತ್ತವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಶಿಕ್ಷಕ,
ಚಿತ್ರದುರ್ಗ ಜಿಲ್ಲೆ